ಪುಟ್ಟ ನಾಲಿಗೆಯ ದೊಡ್ಡ ಕೆಲಸ



ಹಸುಗೂಸು ಹಾಲು ಕುಡಿಯುವಾಗ ದವಡೆ ಆಡುವುದು ಕಾಣುತ್ತದೆ, ಗುಟುಕಿನ ಸದ್ದು ಕೇಳುತ್ತದೆ. ಆದರೆ ಬಾಯೊಳಗೆ ನಾಲಿಗೆ ಏನು ಮಾಡುತ್ತಿದೆ? ಅದನ್ನು ಅಳೆಯುವುದಾದರೂ ಹೇಗೆ?

1958ರಲ್ಲಿ ಆರ್ಡ್ರನ್ ಮತ್ತು ಸಂಗಡಿಗರು ಎಕ್ಸ್‌-ರೇ ಚಲನಚಿತ್ರ ತೆಗೆದು ನೋಡಿದರು. ನಾಲಿಗೆಯು ಮೊಲೆತೊಟ್ಟನ್ನು ಅಂಗುಳಿಗೆ ಒತ್ತಿ, ಹಸುವಿನ ಹಾಲು ಕರೆದಂತೆ ಹಿಂಡುತ್ತದೆ ಎಂದರು. ಬಹುಕಾಲ ಎಲ್ಲರೂ ಹಾಗೆಯೇ ನಂಬಿದ್ದರು.

2008ರಲ್ಲಿ ಆಸ್ಟ್ರೇಲಿಯಾದ ಡೊನ್ನಾ ಗೆಡ್ಡೆಸ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಮಗುವಿನ ಗಲ್ಲದ ಕೆಳಗೆ ಅಲ್ಟ್ರಾಸೌಂಡ್ ಉಪಕರಣ. ಬಾಯೊಳಗಿನ ಒತ್ತಡ ಅಳೆಯಲು ತೊಟ್ಟಿನ ಪಕ್ಕದಲ್ಲಿ ಒಂದು ಸಣ್ಣ ಕೊಳವೆ. ಕಂಡದ್ದೇನು ಗೊತ್ತೇ? ಹಾಲು ಹರಿದದ್ದು ನಾಲಿಗೆ ಮೇಲೆ ಒತ್ತಿದಾಗ ಅಲ್ಲ, ಕೆಳಗೆ ಇಳಿದಾಗ! ನಾವು ಸ್ಟ್ರಾ ಹಾಕಿ ಎಳನೀರು ಹೀರುತ್ತೇವಲ್ಲ, ಹಾಗೆ. 2014ರಲ್ಲಿ ಇಸ್ರೇಲಿನ ಡೇವಿಡ್ ಎಲಾಡ್ ತಂಡದವರು ಇನ್ನೊಂದು ಮಾತು ಸೇರಿಸಿದರು: ನಾಲಿಗೆಯ ಮುಂಭಾಗ ದವಡೆಯ ಜೊತೆ ಏರಿಳಿಯುತ್ತದೆ, ಹಿಂಭಾಗ ಅಲೆಯಂತೆ ಆಡಿ ನುಂಗಲು ನೆರವಾಗುತ್ತದೆ.

ಇದರಿಂದ ನಮಗೇನು ಅಂತೀರಾ? ತವರಿನಿಂದ ದೂರ, ಈ ಮಹಾನಗರದ ಫ್ಲ್ಯಾಟಿನಲ್ಲಿರುವ ಎಳೆಯ ಬಾಣಂತಿಗೆ ಎದೆ ನೋವು. ಮಗು ಅಳುತ್ತದೆ. "ಹಾಲು ಸಾಲುತ್ತಿಲ್ಲ, ಬಾಟಲಿ ಕೊಡಮ್ಮ" ಎನ್ನುವವರೇ ಎಲ್ಲ. ಆಗ ಮೊದಲು ನೋಡಬೇಕಾದ್ದು ಹಿಡಿತವನ್ನು. ಬಾಯಿ ಅಗಲವಾಗಿ ತೆರೆದಿರಬೇಕು, ಗಲ್ಲ ಎದೆಗೆ ತಾಗಿರಬೇಕು, ತೊಟ್ಟೊಂದೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಆಗಲೇ ನಾಲಿಗೆಗೆ ಇಳಿಯಲು ಜಾಗ.

ಗಡಿಯಾರವೂ ಸಾಕ್ಷಿ ಹೇಳುತ್ತದೆ. ಹಾಲು ಬರದೆ ಬರೀ ಚೀಪುವಾಗ ಸೆಕೆಂಡಿಗೆ ಸುಮಾರು ಎರಡು ಸಲ. ಹಾಲು ಹರಿಯತೊಡಗಿದರೆ ಸುಮಾರು ಒಂದು ಸಲ, ನಿಧಾನವಾಗಿ, ಆಳವಾಗಿ, ಗುಟುಕಿನೊಡನೆ.

ಕೆಲವು ಮಕ್ಕಳಿಗೆ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿರುತ್ತದೆ. ಹಾಗೆಂದು ತಕ್ಷಣ ಕತ್ತರಿಸಲೇಬೇಕೆಂದಿಲ್ಲ. ಅದಿದ್ದೂ ಚೆನ್ನಾಗಿ ಕುಡಿಯುವ ಮಕ್ಕಳಿದ್ದಾರೆ. ಮಗು ಹಾಲು ಕುಡಿಯುವುದನ್ನೇ ಕುಳಿತು ನೋಡಿ, ತೂಕ ನೋಡಿ ಹೇಳುವ ವೈದ್ಯರ ಬಳಿ ಹೋಗಿ. ತೂಕ ಏರದಿದ್ದರೆ, ಮೂತ್ರ ಕಡಿಮೆಯಾದರೆ ತಡ ಮಾಡಬೇಡಿ.

ಮನೆಯಲ್ಲಿ ಬಾಣಂತಿ ಇದ್ದರೆ ಸಲಹೆ ಕೊಡುವ ಮೊದಲು ಒಂದು ಲೋಟ ಬಿಸಿ ಹಾಲು ಕೊಡಿ, ಪಕ್ಕದಲ್ಲಿ ಕುಳಿತುಕೊಳ್ಳಿ.