ನಮ್ಮ ಶಾಲೆಗೊಂದು ದೂರದರ್ಶಕ

(ಸುವರ್ಣ ಮಹೋತ್ಸವದ ಅಂಗವಾಗಿ 2025ರ ಜನವರಿ ಕೊನೆಯ ವಾರದಲ್ಲಿ ಶಾಲಾ ಆವರಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



2005ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವನು ನಾನು. ಮಂಡ್ಯದಲ್ಲಿ ಬಿ.ಇ. ಮಾಡಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸುವರ್ಣ ಮಹೋತ್ಸವಕ್ಕೆ ಶಾಲೆಗೆ ಏನಾದರೂ ಕೊಡೋಣ ಎಂದು ನಮ್ಮ ಬ್ಯಾಚಿನವರು ಸೇರಿದಾಗ ಬೆಂಚು, ಫ್ಯಾನು, ನೀರಿನ ಫಿಲ್ಟರ್ ಎಂದು ಪಟ್ಟಿ ಬೆಳೆಯಿತು. ಅವನ್ನು ಕೊಟ್ಟಿದ್ದೇವೆ. ಜೊತೆಗೆ ಈ ಮೇಜಿನ ಮೇಲಿರುವ ಪೆಟ್ಟಿಗೆಯೂ ಇದೆ. ಇದರೊಳಗೆ ಇರುವುದು ಒಂದು ದೂರದರ್ಶಕ, ಅಂದರೆ ಟೆಲಿಸ್ಕೋಪ್. ಇದನ್ನು ಜೋಡಿಸುವುದು ಹೇಗೆ ಎಂದು ಹೇಳಲು ನನ್ನನ್ನು ನಿಲ್ಲಿಸಿದ್ದಾರೆ. ಅದಕ್ಕೂ ಮೊದಲು, ನಾನು ಒಮ್ಮೆ ಜೋಡಿಸಲು ಹೋಗಿ ಸೋತ ಕತೆಯನ್ನು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಮೂರನೇ ವರ್ಷ ಒಂದು ಟೆಲಿಸ್ಕೋಪ್ ಕೊಂಡೆ. ಅದರ ಸ್ಟ್ಯಾಂಡು ಸ್ವಲ್ಪ ತೊಡಕಿನದು. ಆಕಾಶದ ಚುಕ್ಕಿಗಳೆಲ್ಲ ಧ್ರುವ ನಕ್ಷತ್ರವನ್ನು ಸುತ್ತಿದಂತೆ ಕಾಣುತ್ತವೆ ಅಲ್ಲವೇ? ಆ ಸ್ಟ್ಯಾಂಡಿನ ಒಂದು ಅಚ್ಚನ್ನು ಧ್ರುವದ ಕಡೆಗೆ ಸರಿಯಾಗಿ ಓರೆ ಮಾಡಿಟ್ಟರೆ, ಆಮೇಲೆ ಒಂದೇ ತಿರುಪನ್ನು ತಿರುಗಿಸುತ್ತಾ ಚುಕ್ಕಿಯ ಹಿಂದೆ ಹೋಗಬಹುದು. ಅದರ ಜೊತೆ ಬಂದ ಪುಸ್ತಕದಲ್ಲಿ ಆ ಅಚ್ಚು ಕಡಿದಾಗಿ ಮೇಲಕ್ಕೆ ನೋಡುತ್ತಿತ್ತು. ನಾನೂ ಹಾಗೆಯೇ ನಿಲ್ಲಿಸಿದೆ. ಎರಡು ರಾತ್ರಿ ಒದ್ದಾಡಿದರೂ ಹಿಡಿದ ಚುಕ್ಕಿ ಕೈಗೆ ನಿಲ್ಲಲಿಲ್ಲ. ಪೆಟ್ಟಿಗೆಗೆ ತುಂಬಿ ಬೀರುವಿನ ಮೇಲೆ ಹಾಕಿದೆ. ಎರಡು ವರ್ಷ ಅಲ್ಲೇ ಇತ್ತು.

ಒಮ್ಮೆ ಬೆಂಗಳೂರಿಗೆ ಬಂದಿದ್ದ ಅಪ್ಪ ಕೇಳಿದರು: "ಏನ್ಲಾ ಅದು, ಅಷ್ಟು ಕಾಸು ಕೊಟ್ಟು ತಂದು ಅಟ್ಟುಕ್ಕೆ ಹಾಕಿದ್ದೀಯಲ್ಲ?" ನಾಚಿಕೆಯಾಯಿತು. ಮತ್ತೆ ಕೆಳಗಿಳಿಸಿ ಕೂತಾಗ ನೆನಪಿಗೆ ಬಂದದ್ದು ಬಿ.ಇ. ಪಾಠವಲ್ಲ, ಇದೇ ಶಾಲೆಯಲ್ಲಿ ಸಮಾಜ ಮೇಷ್ಟ್ರು ಗೋಡೆಗೆ ನಕ್ಷೆ ತೂಗುಹಾಕಿ ಮಾಡಿದ ಅಕ್ಷಾಂಶದ ಪಾಠ. ಒಂದು ಊರಿನ ಅಕ್ಷಾಂಶ ಎಷ್ಟೋ, ಅಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಇರುತ್ತದೆ. ಆ ಪುಸ್ತಕ ಬರೆದದ್ದು ಉತ್ತರದ ದೂರದ ದೇಶಗಳವರಿಗೆ. ಅಲ್ಲಿ 40, 50 ಡಿಗ್ರಿ. ಬೆಂಗಳೂರಿನಲ್ಲಿ 13. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಸುಮಾರು 12½. ಮಕ್ಕಳೇ, ಕೈಯನ್ನು ನೇರ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮೂರಿನಲ್ಲಿ ಧ್ರುವ ನಕ್ಷತ್ರ ಇರುವುದು ದಿಗಂತದಿಂದ ಒಂದೂಕಾಲು ಮುಷ್ಟಿ ಮೇಲೆ ಅಷ್ಟೇ. ಮುಂದೆ ತೆಂಗಿನ ತೋಟವಿದ್ದರೆ ಕಾಣುವುದೇ ಇಲ್ಲ.

ಅಚ್ಚನ್ನು ಅಷ್ಟು ತಗ್ಗಿಸಿದಾಗ ಚುಕ್ಕಿ ನಿಂತಿತು. ಆ ಹಬ್ಬಕ್ಕೆ ಅದನ್ನು ಊರಿಗೆ ತಂದು ಮನೆಯ ಮುಂದೆ ಚಂದ್ರನನ್ನು ತೋರಿಸಿದೆ. ಅಪ್ಪ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಆಮೇಲೆ ಹೇಳಿದ್ದು ಒಂದೇ ಮಾತು: "ಪಕ್ಕದ್ ಮನೆ ಐಕ್ಳನ್ನೂ ಕರೀಲಾ." ಅವರು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಈ ಪೆಟ್ಟಿಗೆ ಇಲ್ಲಿಗೆ ಬರಲು ಆ ಮಾತೇ ಕಾರಣ.

ಶಾಲೆಗೆ ಅಂಥ ತೊಡಕಿನ ಸ್ಟ್ಯಾಂಡ್ ಬೇಡವೆಂದು ಸರಳವಾದದ್ದನ್ನು ತಂದಿದ್ದೇವೆ. ರಾಗಿಕಲ್ಲಿನ ಹಾಗೆ ಸುತ್ತ ತಿರುಗುವ ಒಂದು ಮರದ ಪೀಠ, ಅದರ ಮೇಲೆ ಮೇಲಕ್ಕೂ ಕೆಳಕ್ಕೂ ಬಾಗುವ ಕೊಳವೆ. ಕೊಳವೆಯ ತಳದಲ್ಲಿ 130 ಮಿಲಿಮೀಟರ್ ಅಗಲದ ನಿಮ್ನ ದರ್ಪಣ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ತೆರೆಯುತ್ತದೆ. ಲೆಕ್ಕ ಹಾಕಿದರೆ ಈ ದರ್ಪಣ ಕಣ್ಣಿಗಿಂತ ಸುಮಾರು 340 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಟೆಲಿಸ್ಕೋಪಿನ ಮುಖ್ಯ ಕೆಲಸ ಇದೇ, ಬೆಳಕು ಹಿಡಿಯುವುದು. ಎಷ್ಟು ದೊಡ್ಡದಾಗಿ ತೋರಿಸುತ್ತದೆ ಎಂಬುದು ಆಮೇಲಿನ ಮಾತು. ದರ್ಪಣದ ಸಂಗಮದೂರ 650 ಮಿ.ಮೀ. ಕಣ್ಣಿಡುವ ಮಸೂರವನ್ನು ಐಪೀಸ್ ಎನ್ನುತ್ತಾರೆ. 25 ಮಿ.ಮೀ. ಐಪೀಸ್ ಹಾಕಿದರೆ 650 ಭಾಗಿಸು 25, ಅಂದರೆ 26 ಪಟ್ಟು. 10 ಮಿ.ಮೀ. ಹಾಕಿದರೆ 65 ಪಟ್ಟು. 1610ರ ಜನವರಿ 7ರಂದು ಗೆಲಿಲಿಯೋ ಗುರುವಿನ ಪಕ್ಕದಲ್ಲಿ ಚಂದ್ರರನ್ನು ಕಂಡಾಗ ಅವನ ಕೈಯಲ್ಲಿ ಇದ್ದದ್ದು ಸುಮಾರು 20 ಪಟ್ಟಿನದು.

ಈಗ ಜೋಡಿಸುವ ಕ್ರಮ. ಎಲ್ಲವನ್ನೂ ಹಗಲಿನಲ್ಲೇ ಮಾಡಿ. ಕತ್ತಲಲ್ಲಿ ತಿರುಪು ಹುಡುಕುತ್ತಾ ಕೂತರೆ ಆಸೆಯೇ ಹೋಗುತ್ತದೆ. ಪೀಠವನ್ನು ಅಲ್ಲಾಡದ ಜಾಗದಲ್ಲಿ ಇಡಿ, ಮೈದಾನದ ಕಲ್ಲು ಬೆಂಚು ಇದಕ್ಕೆ ಬಹಳ ಒಳ್ಳೆಯದು. ತಾರಸಿ ಬೇಡ. ಹಗಲೆಲ್ಲ ಕಾದ ಕಾಂಕ್ರೀಟಿನ ಬಿಸಿಗಾಳಿ ಮೇಲೇಳುತ್ತಾ ಚಿತ್ರ ನಡುಗುತ್ತದೆ. ಕೊಳವೆ ಕೂರಿಸಿ, ದೊಡ್ಡ ಸಂಖ್ಯೆಯ ಐಪೀಸ್, ಅಂದರೆ 25ರದ್ದನ್ನು ಮೊದಲು ಹಾಕಿ. ಅರ್ಧ ಕಿಲೋಮೀಟರಿನಾಚೆ ಇರುವ ನೀರಿನ ಟ್ಯಾಂಕಿನ ತುದಿಯನ್ನು ಹುಡುಕಿ. ಅದು ತಲೆಕೆಳಗಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಟೆಲಿಸ್ಕೋಪ್ ಕೆಟ್ಟಿಲ್ಲ, ದರ್ಪಣದ ಗುಣವೇ ಹಾಗೆ. ಟ್ಯಾಂಕಿನ ತುದಿ ನಡುವಿಗೆ ಬಂದ ಮೇಲೆ, ಕೊಳವೆಯ ಹೆಗಲ ಮೇಲಿರುವ ಗುರಿ ನೋಡುವ ಸಾಧನದ ಕೆಂಪು ಚುಕ್ಕಿಯನ್ನೂ ಅದೇ ತುದಿಗೆ ತಂದು ತಿರುಪು ಬಿಗಿಯಿರಿ. ಈ ಎರಡೂ ಒಂದೇ ಕಡೆ ನೋಡದಿದ್ದರೆ ರಾತ್ರಿ ಏನೂ ಸಿಗುವುದಿಲ್ಲ. ಎಷ್ಟೋ ಜನರ ಟೆಲಿಸ್ಕೋಪ್ ಮೂಲೆ ಸೇರುವುದು ಇಷ್ಟೇ ಕೆಲಸ ಬಿಟ್ಟದ್ದರಿಂದ.

ಸಂಜೆ ಹೊರಗೆ ತಂದ ಮೇಲೆ ಅರ್ಧ ಗಂಟೆ ಸುಮ್ಮನೆ ಬಿಡಿ, ದರ್ಪಣ ತಣ್ಣಗಾಗಲಿ. ಧೂಳು ಕೂತಿದೆ ಎಂದು ಟವೆಲ್ಲಿನಲ್ಲಿ ಒರೆಸಬೇಡಿ. ಮನೆಯ ಕನ್ನಡಿಗೆ ಲೇಪ ಹಿಂದೆ ಇರುತ್ತದೆ, ಇದಕ್ಕೆ ಮುಂದೆಯೇ ಇದೆ. ಒಂದು ಸಲ ಉಜ್ಜಿದ ಗೀರು ಹೋಗುವುದಿಲ್ಲ. ಇಬ್ಬನಿ ಬಿದ್ದಿದ್ದರೆ ಆರಿದ ಮೇಲೆ ಮುಚ್ಚಳ ಹಾಕಿ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಇದನ್ನು ಯಾವತ್ತೂ ಸೂರ್ಯನ ಕಡೆ ತಿರುಗಿಸಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಹೋದ ಕಣ್ಣು ಮತ್ತೆ ಬರುವುದಿಲ್ಲ. ಹಗಲಿನಲ್ಲಿ ದೊಡ್ಡವರು ಪಕ್ಕದಲ್ಲಿ ಇಲ್ಲದೆ ಮುಚ್ಚಳ ತೆಗೆಯಲೇಬಾರದು.

ಈ ದಿನಗಳಲ್ಲಿ ಸಂಜೆ ಏಳಕ್ಕೆ ಪಶ್ಚಿಮದಲ್ಲಿ ಹೊಳೆಯುತ್ತಿರುವುದು ಬೆಳ್ಳಿ, ಅಂದರೆ ಶುಕ್ರ. ಟೆಲಿಸ್ಕೋಪಿನಲ್ಲಿ ಅದು ಅರ್ಧಚಂದ್ರನಂತೆ ಕಾಣುತ್ತದೆ. ಅದರ ಹತ್ತಿರವೇ ಶನಿ. ಶನಿಯ ಉಂಗುರ ಈ ವರ್ಷ ಬರೀ ಗೆರೆಯಂತೆ ಇದೆ. ಮಾರ್ಚ್‌ನಲ್ಲಿ ಅದರ ಅಂಚು ನಮಗೆ ನೇರವಾಗುತ್ತದೆ. ಪುಸ್ತಕದ ಚಿತ್ರದಂತಿಲ್ಲ ಎಂದು ಬೇಸರ ಬೇಡ, ಮುಂದಿನ ವರ್ಷಗಳಲ್ಲಿ ಅದು ತೆರೆದುಕೊಳ್ಳುವುದನ್ನು ಇದೇ ಮಕ್ಕಳು ನೋಡಬಹುದು. ನೆತ್ತಿಯ ಹತ್ತಿರ ಗುರು, ಅದರ ಪಕ್ಕದಲ್ಲಿ ರೋಹಿಣಿ, ಸ್ವಲ್ಪ ಆಚೆ ಕೃತ್ತಿಕೆಯ ಗೊಂಚಲು. ಪೂರ್ವದಲ್ಲಿ ಕೆಂಪಗಿರುವುದು ಮಂಗಳ.

ರೈತರಿಗೆ ಒಂದು ಮಾತು. ಮೇ ತಿಂಗಳಿನಲ್ಲಿ ಕೃತ್ತಿಕೆ ಮಳೆ, ರೋಹಿಣಿ ಮಳೆ ಎನ್ನುತ್ತೇವೆ. ಆಗ ಸೂರ್ಯ ಆ ನಕ್ಷತ್ರದಲ್ಲಿ ಇರುವುದರಿಂದ ಅವು ರಾತ್ರಿ ಕಾಣುವುದಿಲ್ಲ. ನೋಡಬೇಕಾದರೆ ಈಗ ನೋಡಬೇಕು. ನಾವು ದಿನಾ ಹೆಸರು ಹೇಳುವ ನಕ್ಷತ್ರಗಳ ಮುಖವನ್ನು ಇಂದು ರಾತ್ರಿ ನೋಡಬಹುದು.

65 ಪಟ್ಟಿನಲ್ಲಿ ಗುರುವನ್ನು ಹಿಡಿದು ಕೈಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅಂಚಿಗೆ ಸರಿದು ಹೋಗುತ್ತದೆ. ಹಾಗೆ ಸರಿಯುವುದು ನಮ್ಮ ಭೂಮಿ ತಿರುಗುವುದರಿಂದ. ಆದ್ದರಿಂದ ಸಾಲಿನಲ್ಲಿ ನಿಂತವರಿಗಾಗಿ ಒಬ್ಬರು ಪಕ್ಕದಲ್ಲಿದ್ದು ಕೊಳವೆಯನ್ನು ಮೆಲ್ಲಗೆ ಸರಿಸುತ್ತಿರಬೇಕು. ಆ ಕೆಲಸ ಒಂಬತ್ತನೇ ತರಗತಿಯ ಮಕ್ಕಳದಾಗಲಿ.

ಕೊನೆಯದಾಗಿ ನನ್ನ ಭಯವನ್ನೂ ಹೇಳಬೇಕು. ಶಾಲೆ ನಾಲ್ಕೂವರೆಗೆ ಮುಗಿಯುತ್ತದೆ, ಟೆಲಿಸ್ಕೋಪಿನ ಕೆಲಸ ಶುರುವಾಗುವುದು ಏಳಕ್ಕೆ. ಬೆಲೆಬಾಳುವ ವಸ್ತು, ಕೆಟ್ಟರೆ ಯಾರು ಹೊಣೆ ಎಂದು ಬೀಗ ಬಿದ್ದರೆ, ಇದೂ ನನ್ನ ಬೀರುವಿನ ಮೇಲಿದ್ದ ಪೆಟ್ಟಿಗೆಯ ಹಾಗೆಯೇ ಆಗುತ್ತದೆ. ಅದಕ್ಕೆ ಎರಡು ಬೇಡಿಕೆಗಳಿವೆ. ತಿಂಗಳಿಗೆ ಒಂದು ಶನಿವಾರ, ಏಳರಿಂದ ಎಂಟೂವರೆ, ಇದು ಮೈದಾನಕ್ಕೆ ಬರಲಿ. ಒಬ್ಬ ಶಿಕ್ಷಕರು, ಶಾಲಾಭಿವೃದ್ಧಿ ಸಮಿತಿಯ ಒಬ್ಬ ಸದಸ್ಯರು, ಹಳೆಯ ವಿದ್ಯಾರ್ಥಿ ಒಬ್ಬರು ಜೊತೆಗಿರಲಿ. ನನ್ನ ಸರದಿಗೆ ನಾನು ಬೆಂಗಳೂರಿನಿಂದ ಬರುತ್ತೇನೆ. ಕತ್ತಲಾಯಿತೆಂದು ಹೆಣ್ಣುಮಕ್ಕಳು ತಪ್ಪಿಸಿಕೊಳ್ಳಬಾರದು, ತಾಯಂದಿರೂ ಜೊತೆಯಲ್ಲಿ ಬಂದು ನೋಡಿ. ಎರಡನೆಯದು ಪಂಚಾಯಿತಿ ಸದಸ್ಯರಿಗೆ: ಆ ಒಂದೂವರೆ ಗಂಟೆ ಮೈದಾನದ ಮುಂದಿನ ದೊಡ್ಡ ದೀಪ ಆರಿಸಿಕೊಡಿ. ಕೆಟ್ಟರೆ ರಿಪೇರಿಯ ಖರ್ಚು ನಮ್ಮ ಬ್ಯಾಚಿನದು. ಬಳಸಿ ಕೆಟ್ಟರೆ ನಮಗೆ ಬೇಸರವಿಲ್ಲ.

ಲಡಾಖಿನ ಹಾನ್ಲೆ ಎಂಬಲ್ಲಿ 2 ಮೀಟರ್ ದರ್ಪಣದ ದೂರದರ್ಶಕವಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು. ಅಲ್ಲಿ ಭೌತಶಾಸ್ತ್ರ ಓದಿದವರೂ ಬೇಕು, ನನ್ನಂತೆ ಕಂಪ್ಯೂಟರ್ ಓದಿದವರೂ ಬೇಕು, ಯಂತ್ರ ಬಿಚ್ಚಿ ಕಟ್ಟುವವರೂ ಬೇಕು. ನಮ್ಮ ಶಾಲೆಯ ಮಗು ಅಲ್ಲಿಗೆ ಹೋಗಲು ಮೊದಲ ತಿರುಪನ್ನು ತನ್ನ ಕೈಯಲ್ಲೇ ಬಿಗಿಯಬೇಕು. ಅದಕ್ಕೇ ನಾವು ಇದನ್ನು ಜೋಡಿಸದೆ ಪೆಟ್ಟಿಗೆಯಲ್ಲೇ ತಂದಿದ್ದೇವೆ. ಕಾರ್ಯಕ್ರಮ ಮುಗಿದ ಕೂಡಲೇ ಒಂಬತ್ತನೇ ತರಗತಿಯವರು ಮೈದಾನದ ಬೆಂಚಿನ ಹತ್ತಿರ ಬನ್ನಿ, ಸ್ಕ್ರೂಡ್ರೈವರ್ ನಿಮ್ಮ ಕೈಗೇ ಕೊಡುತ್ತೇನೆ. ಸಂಜೆ ಏಳಕ್ಕೆ ಊರಿನವರೆಲ್ಲ ಬನ್ನಿ, ಪಕ್ಕದ ಮನೆಯವರನ್ನೂ ಕರೆತನ್ನಿ.