ಬೀಗದ ಕೈ ಯಾರ ಕೈಯಲ್ಲಿ?



ಕ್ರೈಸ್ತ ವಿಶ್ವಾಸದ ಅಡಿಪಾಯ ಯಾವುದು, ಅದರ ಮೇಲೆ ನಿಂತ ಸಭೆಗಿರುವ ಆತ್ಮಿಕ ಅಧಿಕಾರ ಎಂಥದ್ದು ಎಂಬ ವಿಷಯವನ್ನು ಈ ದತ್ತಿ ಉಪನ್ಯಾಸಕ್ಕೆ ನನಗೆ ಕೊಟ್ಟಿದ್ದೀರಿ. ಎರಡು ಸಾವಿರ ವರ್ಷಗಳಿಂದ ನಡೆದಿರುವ ವ್ಯಾಜ್ಯ ಇದು. ಒಂದು ಸಂಜೆಯಲ್ಲಿ ತೀರ್ಪು ಕೊಡುವ ಧೈರ್ಯ ನನಗಿಲ್ಲ. ಅದಕ್ಕೇ ನಮಗೆ ಹತ್ತಿರದ ಒಂದು ಪ್ರಸಂಗವನ್ನು ಹಿಡಿದು ಮಾತಾಡುತ್ತೇನೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ನಮ್ಮ ಬಾಯಲ್ಲಿ ಸಿ.ಎಸ್.ಐ., ಹುಟ್ಟಿದ ಪ್ರಸಂಗ.

ಅದಕ್ಕೆ ಮೊದಲು ಮತ್ತಾಯನ ಸುವಾರ್ತೆಯ 16ನೇ ಅಧ್ಯಾಯವನ್ನು ಒಮ್ಮೆ ತೆರೆಯಬೇಕು. ಫಿಲಿಪ್ಪನ ಕೈಸರೈಯ ಸೀಮೆಯಲ್ಲಿ ಯೇಸುಸ್ವಾಮಿ ತಾವು ಯಾರೆಂದು ಶಿಷ್ಯರನ್ನು ಕೇಳುತ್ತಾರೆ. ನೀನೇ ಕ್ರಿಸ್ತನು ಎಂದು ಪೇತ್ರ ಒಪ್ಪಿಕೊಳ್ಳುತ್ತಾನೆ. ಬಂಡೆಯ ಮೇಲೆ ಸಭೆ ಕಟ್ಟುವ ಮಾತು, ಪರಲೋಕ ರಾಜ್ಯದ ಬೀಗದ ಕೈಗಳ ಮಾತು ಬರುವುದು ಆಗಲೇ. ಆ ಬಂಡೆ ಪೇತ್ರನೇ, ಅವನ ಪೀಠದಲ್ಲಿ ಕೂತವರಿಗೂ ಆ ಅಧಿಕಾರ ಇಳಿದು ಬಂದಿದೆ ಎನ್ನುವುದು ಕಥೋಲಿಕರ ನಂಬಿಕೆ. 1870ರ ಮೊದಲ ವ್ಯಾಟಿಕನ್ ಮಹಾಸಭೆ ಅದನ್ನು ವಿಶ್ವಾಸದ ನಿಯಮವಾಗಿಯೇ ಸಾರಿತು. ಪೇತ್ರ ಒಪ್ಪಿಕೊಂಡ ವಿಶ್ವಾಸವೇ ಬಂಡೆ ಎನ್ನುವುದು ಪ್ರಾಟೆಸ್ಟಂಟರ ವಾದ. ಹದಿನೆಂಟನೇ ವಚನದ ಮೇಲೆ ಇಷ್ಟೆಲ್ಲ ಕಾದಾಡುವ ನಾವು ಇಪ್ಪತ್ತಮೂರನೆಯದನ್ನು ಸರಸರನೆ ದಾಟಿಬಿಡುತ್ತೇವೆ. ಶಿಲುಬೆಯ ದಾರಿ ಬೇಡ ಎಂದು ಅಡ್ಡ ಬಂದ ಅದೇ ಪೇತ್ರನನ್ನು ಸ್ವಾಮಿ ಅಲ್ಲಿ ಸೈತಾನನೆಂದು ಕರೆದು ಗದರಿಸುತ್ತಾರೆ. ಕೀಲಿಕೈ ಕೈಗೆ ಬಂದು ನಾಲ್ಕೇ ವಚನ ಕಳೆದಿತ್ತು!

ಮುಂದೆ ಅಂತಿಯೋಕ್ಯದಲ್ಲಿ ಪೌಲ ಇದೇ ಪೇತ್ರನನ್ನು ಎಲ್ಲರೆದುರು ಖಂಡಿಸಿದ. ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕೋ ಬೇಡವೋ ಎಂಬ ಪ್ರಶ್ನೆ ಎದ್ದಾಗ ಯೆರೂಸಲೇಮಿನಲ್ಲಿ ಪೇತ್ರ ಮಾತಾಡಿದ, ಬಾರ್ನಬ ಮತ್ತು ಪೌಲರು ತಾವು ಕಂಡದ್ದನ್ನು ಹೇಳಿದರು, ಯಾಕೋಬ ಅಭಿಪ್ರಾಯ ಕೊಟ್ಟ, ಕಡೆಗೆ ಇಡೀ ಸಭೆ ಒಪ್ಪಿ ಪತ್ರ ಬರೆಯಿತು. ಅಪೊಸ್ತಲರಿಗೆ ಅಧಿಕಾರವಿತ್ತು. ಆದರೆ ಅದು ಪ್ರಶ್ನಿಸಬಾರದ ಅಧಿಕಾರವಾಗಿರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ನರು ಬೇರೂರಿದರು. ಮದರಾಸು, ತಿರುನೆಲ್ವೇಲಿ, ತಿರುವಾಂಕೂರು, ದೋರ್ನಕಲ್ಲುಗಳಲ್ಲಿ ಆಂಗ್ಲಿಕನರಿದ್ದರು. ಪ್ರೆಸ್ಬಿಟೀರಿಯನ್, ಕಾಂಗ್ರಿಗೇಷನಲ್ ಸಭೆಗಳೂ ಇದ್ದವು. ಒಬ್ಬರಿಗೆ ಬಿಷಪ್ಪರಿಲ್ಲದೆ ಸಭೆಯೇ ಇಲ್ಲ, ಇನ್ನೊಬ್ಬರಿಗೆ ಬಿಷಪ್ಪರೆಂದರೆ ರಾಜರ ಕಾಲದ ದರ್ಬಾರು. ಯೂರೋಪಿನ ಈ ಹಳೆಯ ಜಗಳಗಳು ಹಡಗಿನಲ್ಲಿ ಮಿಷನರಿಗಳ ಪೆಟ್ಟಿಗೆಗಳ ಜೊತೆ ಬಂದಿಳಿದಿದ್ದವು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಸೇರಿದ ಸಭಾಪಾಲಕರು, ಅವರಲ್ಲಿ ಹೆಚ್ಚಿನವರು ಭಾರತೀಯರೇ, ಈ ಒಡಕು ನಮ್ಮದಲ್ಲ, ನಾವು ಒಂದಾಗಬೇಕು ಎಂದು ಹೇಳಿಕೆ ಹೊರಡಿಸಿದರು. ಅವರ ಮುಂದಾಳು ವಿ.ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರು. 1945ರ ಜನವರಿಯಲ್ಲಿ ಅವರು ತೀರಿಕೊಂಡರು. ಅಷ್ಟು ದುಡಿದ ಐಕ್ಯವನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಮಾತುಕತೆ ಇಪ್ಪತ್ತೆಂಟು ವರ್ಷ ಎಳೆಯಿತು. ಸಿಕ್ಕು ಇದ್ದದ್ದು ಒಂದೇ ಕಡೆ. ಬೈಬಲ್ಲು, ಪುರಾತನ ವಿಶ್ವಾಸ ಪ್ರಮಾಣಗಳು, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ, ಇವುಗಳ ವಿಷಯದಲ್ಲಿ ತಕರಾರು ಅಷ್ಟಾಗಿ ಇರಲಿಲ್ಲ. ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ನೇಮಿಸದ ಒಬ್ಬ ಅಯ್ಯನವರು ರೊಟ್ಟಿ ಮುರಿದರೆ ಅದು ಕರ್ತನ ಭೋಜನ ಆಗುತ್ತದೆಯೋ ಇಲ್ಲವೋ, ಪ್ರಶ್ನೆ ಇದು. ಆಗುವುದಿಲ್ಲ ಎಂದರೆ ವೆಸ್ಲಿಯನ್, ಪ್ರೆಸ್ಬಿಟೀರಿಯನ್ ಪಾಲಕರು ಅಷ್ಟು ವರ್ಷ ಮಾಡಿದ ಸೇವೆಯೆಲ್ಲ ಪೊಳ್ಳಾಗಬೇಕು. ಇಂಗ್ಲೆಂಡಿನಲ್ಲಿ ಈ ಯೋಜನೆಯ ಮೇಲೆ ಎಂಥ ಸಿಟ್ಟು ಎದ್ದಿತೆಂದರೆ ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಇದರ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದ. ನಮ್ಮ ನವ್ಯರು ತಲೆಯ ಮೇಲೆ ಹೊತ್ತ ಕವಿ ನಮ್ಮ ಸಭೆಯ ಒಗ್ಗಟ್ಟಿಗೆ ಅಡ್ಡ ಬಂದಿದ್ದ ಸಂಗತಿ ಕನ್ನಡದ ಎಷ್ಟು ಜನ ಮೇಷ್ಟ್ರುಗಳಿಗೆ ಗೊತ್ತೋ!

ಕಡೆಗೆ ಕಂಡುಕೊಂಡ ದಾರಿಯಲ್ಲಿ ಬಹಳ ವಿವೇಕವಿದೆ. ಒಂದಾದ ದಿನ ಸೇವೆಯಲ್ಲಿದ್ದ ಯಾವ ಪಾಲಕರಿಗೂ ಮರುದೀಕ್ಷೆ ಕೊಡಲಿಲ್ಲ, ಎಲ್ಲರನ್ನೂ ಇದ್ದ ಹಾಗೆಯೇ ಒಪ್ಪಿಕೊಂಡರು. ಅಂದಿನಿಂದ ಮುಂದಿನ ಎಲ್ಲ ದೀಕ್ಷೆ ಬಿಷಪ್ಪರ ಕೈಯಿಂದ. ಎರಡೂ ಬಗೆಯವರು ಕೂಡಿ ಬೆಳೆಯಲು ಮೂವತ್ತು ವರ್ಷದ ಅವಧಿ. ಒಂದು ಸಭೆಯವರ ಮನಸ್ಸಾಕ್ಷಿ ಒಪ್ಪದ ಪಾಲಕರನ್ನು ಅವರ ಮೇಲೆ ಹೇರುವುದಿಲ್ಲವೆಂಬ ವಾಗ್ದಾನ. ಬಿಷಪ್ಪರ ಪದವಿ ಇರಬೇಕು, ಆದರೆ ಅದು ಯಾಕೆ ಬೇಕು ಎನ್ನುವುದಕ್ಕೆ ಒಂದೇ ಸಿದ್ಧಾಂತವನ್ನು ಎಲ್ಲರೂ ನಂಬಬೇಕಿಲ್ಲ. ಬಿಷಪ್ಪರು ಸಂವಿಧಾನಕ್ಕೆ ಒಳಪಟ್ಟವರು. ಅವರ ಆಯ್ಕೆಯಲ್ಲಿ ಸಾಮಾನ್ಯ ಸಭಿಕರಿಗೂ ಪಾಲಿದೆ. ಇಡೀ ಸಭೆಯ ಮುಖ್ಯಸ್ಥರಾದ ಮಾಡರೇಟರ್ ಅವಧಿ ಮುಗಿದೊಡನೆ ಇಳಿಯಬೇಕು. ಸಿದ್ಧಾಂತ ಕೂಡಿಬರಲಿ ಎಂದು ಕಾಯದೆ ಮೊದಲು ಒಟ್ಟಿಗೆ ಮೇಜಿಗೆ ಕೂತರು. ನನ್ನ ಮಟ್ಟಿಗೆ ಇಪ್ಪತ್ತನೇ ಶತಮಾನದ ಕ್ರೈಸ್ತ ಲೋಕದಲ್ಲಿ ಇದಕ್ಕಿಂತ ದೊಡ್ಡ ದೈವಶಾಸ್ತ್ರದ ಕೆಲಸ ನಡೆದಿಲ್ಲ. ಇಂಗ್ಲೆಂಡಿನ ಆಂಗ್ಲಿಕನರು ಈ ಸಭೆಯ ದೀಕ್ಷೆಗಳನ್ನು ಮಾನ್ಯ ಮಾಡಲು 1955ರವರೆಗೆ ಕಾಯಿಸಿದರು. ಕಾಯಿಸಲಿ.

1950ರಲ್ಲಿ ಈ ಸಭೆ ರೂಪಿಸಿಕೊಂಡ ಕರ್ತನ ಭೋಜನದ ಕ್ರಮವನ್ನು ಗಮನಿಸಿ. ಪಾಲಕರು ಬರುವಾಗ ಮೆರವಣಿಗೆಯಲ್ಲಿ ಬೈಬಲ್ಲನ್ನು ಹೊತ್ತು ತರುತ್ತಾರೆ. ಪಾಲಕರು ಜನಕ್ಕೆ ಬೆನ್ನು ತಿರುಗಿಸದೆ ಮೇಜಿನ ಹಿಂದೆ ನಿಂತು ಜನರನ್ನೇ ನೋಡುತ್ತಾರೆ. ಸಮಾಧಾನದ ಸಂಜ್ಞೆ ಮೇಜಿನ ಬಳಿಯಿಂದ ಹೊರಟು ಕೈಯಿಂದ ಕೈಗೆ, ಜೋಡಿಸಿದ ಅಂಗೈಗಳ ನಡುವೆ, ಹಿಂದಿನ ಸಾಲಿನ ಕೊನೆಯ ಅಜ್ಜಿಯವರೆಗೆ ಹೋಗುತ್ತದೆ. ಈ ಪದ್ಧತಿ ಕೇರಳದ ಸುರಿಯಾನಿ ಕ್ರೈಸ್ತರಿಂದ ಬಂದದ್ದು. ಅಧಿಕಾರ ಎಲ್ಲಿಂದ ಬರುತ್ತದೆ, ಯಾರಿಗಾಗಿ ಇದೆ ಎನ್ನುವುದನ್ನು ಈ ಕ್ರಮ ತೋರಿಸಿದಷ್ಟು ಚೆನ್ನಾಗಿ ನನ್ನ ಉಪನ್ಯಾಸ ಹೇಳಲಾರದು.

ಇವತ್ತಿನ ಸ್ಥಿತಿಯ ಬಗ್ಗೆ ಸುಮ್ಮನಿದ್ದರೆ ದತ್ತಿ ಇಟ್ಟವರಿಗೆ ದ್ರೋಹವಾದೀತು. ಬಿಷಪ್ಪರ ಚುನಾವಣೆ ಎಂದರೆ ಗುಂಪುಗಾರಿಕೆ, ಜಾತಿ ಲೆಕ್ಕ. ಮಿಷನರಿಗಳು ಬಿಟ್ಟುಹೋದ ಶಾಲೆ, ಆಸ್ಪತ್ರೆ, ಪೇಟೆಯ ನಡುವಿನ ಜಮೀನು, ಇವುಗಳ ಮೇಲೆ ದಾವೆ. ಸಭೆಯ ಅತ್ಯುನ್ನತ ಮಂಡಳಿಯಾದ ಸಿನೋಡಿನ ಚುನಾವಣೆಗಳೂ ಕೋರ್ಟ್ ಮೆಟ್ಟಿಲು ಹತ್ತಿವೆ. ಪಾಪಿಗೆ ಕ್ಷಮೆಯ ಬಾಗಿಲು ತೆರೆಯಲೆಂದು ಕೊಟ್ಟ ಬೀಗದ ಕೈಯನ್ನು ನಾವು ಆಫೀಸಿನ ಬೀರುವಿಗೆ ಹಾಕುತ್ತಿದ್ದೇವೆ. ಕ್ರಿಸ್ತನಲ್ಲದೆ ಬೇರೆ ಅಡಿಪಾಯವನ್ನು ಯಾರೂ ಹಾಕಲಾರರು ಎಂದು ಕೊರಿಂಥದವರಿಗೆ ಪೌಲ ಬರೆದಾಗಲೂ ಆ ಸಭೆಯಲ್ಲಿ ನಡೆಯುತ್ತಿದ್ದದ್ದು ಗುಂಪುಗಾರಿಕೆಯೇ.

ನನ್ನ ಬೇಡಿಕೆ ಇಷ್ಟೇ. ನಿಮ್ಮ ಸಭೆಯ ಹಿರಿಯರನ್ನು, ಡಯಾಸಿಸ್ ಕೌನ್ಸಿಲ್ಲಿಗೆ ಹೋಗುವ ಪ್ರತಿನಿಧಿಗಳನ್ನು ಲೆಕ್ಕ ಕೇಳಿ. ಬಿಷಪ್ಪರನ್ನು ಗೌರವಿಸಿ, ತಪ್ಪಿದಾಗ ಅಂತಿಯೋಕ್ಯದ ಪೌಲನ ಹಾಗೆ ಮುಖಕ್ಕೆ ಮುಖ ಕೊಟ್ಟು ಹೇಳಿ. ನಿಮ್ಮ ಸಭೆಯ ಸಂವಿಧಾನದ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಓದಿ.