ಫೋನಿನ ಚಿಪ್ ಬದಲಾಯಿಸೋ ಮುಂಚೆ ಕೇಳ್ಕೊಬೇಕಾದ ಪ್ರಶ್ನೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ನಮ್ಮ ಮನೆಯಲ್ಲೇ ನಡೆದ ವಿಷಯದಿಂದ ಶುರು ಮಾಡ್ತೀನಿ.

ನಾನಿರೋದು ಮಾಲೂರಲ್ಲಿ. ದೊಡ್ಡಪ್ಪನ ಮಗ, ನಮ್ಮಣ್ಣ, ಶ್ರೀನಿವಾಸಪುರದ ಹತ್ರ ಮಾವಿನ ತೋಟ ನೋಡ್ಕೊಂಡಿದ್ದಾನೆ. ಸರಿಯಾಗಿ ಮಾವಿನ ಸೀಸನ್‌ನಲ್ಲೇ ಅವನ ಫೋನು ಕೈಕೊಡ್ತು. ತೆರೆದರೆ ಸಾಕು, 'ಸ್ಟೋರೇಜ್ ಫುಲ್'. ಮಂಡಿಯಿಂದ ಬರೋ ರೇಟಿನ ಫೋಟೊ ಡೌನ್‌ಲೋಡ್ ಆಗ್ತಿರಲಿಲ್ಲ. 64 ಜಿಬಿ ಫೋನು, ಮೆಮೊರಿ ಕಾರ್ಡ್ ಹಾಕೋಕೆ ಜಾಗವೂ ಇಲ್ಲ. ಒಳಗಿನ ಚಿಪ್ಪನ್ನೇ ಬದಲಾಯಿಸಿ 256 ಮಾಡಿಸ್ಕೊಬಹುದು ಅಂತ ಯಾರೋ ಹೇಳಿದ್ರಂತೆ. ಕೆಲಸದ ಮೇಲೆ ಮುಳಬಾಗಿಲಿಗೆ ಹೋದಾಗ ಅಲ್ಲೊಂದು ಮೊಬೈಲ್ ಅಂಗಡಿಗೆ ಹೊಕ್ಕ.

ಅಂಗಡಿ ಹುಡುಗ ಕೇಳಿದ್ದು ಒಂದೇ ಮಾತು: "ಅಣ್ಣಾ, ಒಳಗಿರೋ ಡೇಟಾ ಬೇಕಾ?"

ಅಣ್ಣ ಫೋನ್ ವಾಪಸ್ ತಗೊಂಡು ಜೇಬಿಗೆ ಹಾಕ್ಕೊಂಡ. ಯಾಕಂದ್ರೆ ಅದರಲ್ಲಿ ದೊಡ್ಡಪ್ಪನ ದನಿ ಇತ್ತು. ತೀರಿಕೊಳ್ಳೋ ಮುಂಚೆ ಕಳಿಸಿದ್ದ ವಾಯ್ಸ್ ಮೆಸೇಜುಗಳು. ನೀರು ಬಿಟ್ಟೆಯಾ, ಊಟ ಮಾಡಿದೆಯಾ, ಅಷ್ಟೇ. ಆದ್ರೆ ಅದು ಬೇರೆಲ್ಲೂ ಸಿಗಲ್ಲ.

ಚಿಪ್ ಬದಲಾಯಿಸೋದು ಸುಳ್ಳಲ್ಲ, ಆಗುತ್ತೆ. ಹೇಗೆ ಅಂತ ನೋಡೋಣ. ಮೊದಲು ಒಂದು ಗೊಂದಲ ಬಿಡಿಸ್ತೀನಿ. ರ‍್ಯಾಮ್ ಬೇರೆ, ಸ್ಟೋರೇಜ್ ಬೇರೆ. ಫೋಟೊ, ವಿಡಿಯೊ ಕೂತಿರೋದು ಸ್ಟೋರೇಜ್ ಚಿಪ್ಪಲ್ಲಿ. ಅದು ಹೆಬ್ಬೆರಳ ಉಗುರಿನಷ್ಟಿರುತ್ತೆ. ತುಂಬಾ ಫೋನುಗಳಲ್ಲಿ 11.5 ಮಿ.ಮೀ. ಅಗಲ, 13 ಮಿ.ಮೀ. ಉದ್ದ. ಅದರ ಕೆಳಗೆ ಸಾಸಿವೆಗಿಂತ ಸಣ್ಣ 153 ಬೆಸುಗೆ ಗುಂಡುಗಳು. ಬೋರ್ಡಿಗೆ ಅಂಟಿರೋದು ಅವುಗಳಿಂದ. ಸೀಸ ಇಲ್ಲದ ಸಾಮಾನ್ಯ ಬೆಸುಗೆ ಕರಗೋದೇ ಸುಮಾರು 217 ಡಿಗ್ರಿಗೆ. ಬಿಸಿಗಾಳಿ ಬಿಟ್ಟು ಚಿಪ್ ಎತ್ತಬೇಕು, ಜಾಗ ಒರೆಸಬೇಕು, ಹೊಸದನ್ನ ಕೂರಿಸಬೇಕು. ಪಕ್ಕದಲ್ಲೇ ಪ್ರೊಸೆಸರ್ ಇರುತ್ತೆ. ಎಷ್ಟೋ ಫೋನಲ್ಲಿ ಅದರ ಬೆನ್ನ ಮೇಲೇ ರ‍್ಯಾಮ್. ಶಾಖ ಆ ಕಡೆ ಹರಿದ್ರೆ ಫೋನು ಮತ್ತೆ ಏಳಲ್ಲ.

ಇನ್ನೊಂದು ವಿಷಯ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ರ‍್ಯಾಮು, ಸ್ಟೋರೇಜು ಎರಡೂ ಒಂದೇ ಚಿಪ್ಪಲ್ಲಿರುತ್ತೆ. ಅಂಥದ್ರಲ್ಲಿ ಒಂದನ್ನೇ ಬದಲಾಯಿಸೋಕೆ ಆಗಲ್ಲ. ಚಿಪ್ಪಿನ ಜಾತಿಯೂ ಹೊಂದಬೇಕು. ಇಎಂಎಂಸಿ ಇದ್ದ ಕಡೆ ಯುಎಫ್‌ಎಸ್ ಕೂರಲ್ಲ.

ಕೂರಿಸಿದ ಮೇಲೂ ಕೆಲಸ ಮುಗಿಯಲ್ಲ. ಐಫೋನ್ ಆದ್ರೆ ಅದರ ಸೀರಿಯಲ್ ನಂಬರ್ ಮುಂತಾದ ವಿವರಗಳನ್ನ ಪ್ರೋಗ್ರಾಮರ್ ಅನ್ನೋ ಯಂತ್ರದಿಂದ ಹೊಸ ಚಿಪ್ಪಿಗೆ ಬರೆದು, ಕಂಪ್ಯೂಟರಿಗೆ ಹಾಕಿ ರೀಸ್ಟೋರ್ ಮಾಡಬೇಕು. ಆಂಡ್ರಾಯ್ಡ್ ಆದ್ರೆ ಹಳೇ ಚಿಪ್ಪಲ್ಲಿರೋ ನೆಟ್‌ವರ್ಕಿನ ಫೈಲುಗಳನ್ನ ಮೊದಲೇ ಉಳಿಸ್ಕೊಬೇಕು, ಇಲ್ಲಾಂದ್ರೆ ಸಿಗ್ನಲ್ಲೇ ಬರದೆ ಹೋಗಬಹುದು. ಮುಂಚೆಯೇ *#06# ಒತ್ತಿ ಐಎಂಇಐ ನಂಬರ್ ಬರೆದಿಟ್ಕೊಳ್ಳಿ, ಫೋನ್ ವಾಪಸ್ ಬಂದಾಗ ಅದೇ ಇದೆಯಾ ನೋಡಿ. ಬೇರೆ ನಂಬರ್ ಹಾಕೋದು ಕಾನೂನು ಪ್ರಕಾರ ಅಪರಾಧ.

ಈಗ ಡೇಟಾ ವಿಷಯಕ್ಕೆ ಬರೋಣ. ಇವತ್ತಿನ ಫೋನುಗಳು ಒಳಗಿರೋದನ್ನೆಲ್ಲ ಬೀಗ ಹಾಕಿ ಇಡುತ್ವೆ. ಸಾಮಾನು ಇರೋದು ಸ್ಟೋರೇಜ್ ಚಿಪ್ಪಲ್ಲಿ, ಬೀಗದ ಕೀ ಪ್ರೊಸೆಸರ್ ಹತ್ರ. ಚಿಪ್ಪನ್ನ ಕಿತ್ತು ಬೇರೆ ಫೋನಿಗೆ ಹಾಕಿದ್ರೆ ಓದೋಕೆ ಆಗಲ್ಲ. ಅದೇ ಫೋನಿಗೆ ದೊಡ್ಡ ಚಿಪ್ ಹಾಕಿದ್ರೂ ಹಳೇ ಡೇಟಾ ಬರುತ್ತೆ ಅಂತ ನಂಬಬೇಡಿ. ಎಲ್ಲ ಹೋಯ್ತು ಅಂದ್ಕೊಂಡೇ ಹೊರಡಿ, ಮೊದಲು ಬ್ಯಾಕಪ್ ಮಾಡಿ.

ನಮ್ಮ ಜಿಲ್ಲೆಗೆ ಫೋನು ಹೊಸದಲ್ಲ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸೋ ಕಾರ್ಖಾನೆ ಇದೆ. ತೈವಾನಿನ ವಿಸ್ಟ್ರಾನ್ ಶುರು ಮಾಡಿದ್ದು, 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂತು. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಬಸ್ಸಲ್ಲಿ ಹೋಗಿ ಅಲ್ಲಿ ಕೆಲಸ ಮಾಡ್ತಾರೆ. ಆದ್ರೆ ನಮ್ಮ ಬೀದಿಯ ಅಂಗಡಿಯಲ್ಲಿ ಡಿಸ್‌ಪ್ಲೇ, ಬ್ಯಾಟರಿ, ಚಾರ್ಜಿಂಗ್ ಪಿನ್ ಹಾಕ್ತಾರೆ. ಚಿಪ್ ಕೆಲಸ ಅಂದ್ರೆ ಬೆಂಗಳೂರಿಗೆ ಕಳಿಸ್ತೀವಿ ಅಂತಾರೆ. ಅಂದ್ರೆ ನಿಮ್ಮ ಫೋನು ನಿಮಗೆ ಗೊತ್ತಿಲ್ಲದ ಮೇಜಿನ ಮೇಲೆ ಬಿಚ್ಕೊಳ್ಳುತ್ತೆ.

ಹಂಗಾಗಿ ದುಡ್ಡು ಕೊಡೋ ಮುಂಚೆ ಕೇಳಿ. ಚಿಪ್ ಹೊಸದಾ, ಹಳೇ ಫೋನಿಂದ ಕಿತ್ತಿದ್ದಾ? ಈ ಚಿಪ್ಪುಗಳಿಗೆ ಆಯಸ್ಸಿದೆ, ಬರೆದಷ್ಟೂ ಸವೆಯುತ್ವೆ. ಎಷ್ಟು ಸವೆದಿದೆ ಅಂತ ಪ್ರೋಗ್ರಾಮರಲ್ಲಿ ನೋಡಬಹುದು, ತೋರ್ಸಿ ಅನ್ನಿ. ಫೋನು ಸತ್ತರೆ ಯಾರ ಹೊಣೆ? ವಾರಂಟಿ ಇದ್ರೆ ಮುಟ್ಟಿಸಲೇಬೇಡಿ. ಖರ್ಚು ಅದೇ ಫೋನಿನ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದ್ರೆ ಬಿಟ್ಟುಬಿಡಿ. ಫೋನು ಒಳ್ಳೇದು, ವಾರಂಟಿ ಮುಗಿದಿದೆ, ಕೆಲಸ ಬಲ್ಲವರು ಸಿಕ್ಕಿದ್ದಾರೆ, ಬ್ಯಾಕಪ್ ಆಗಿದೆ ಅಂದ್ರೆ ಮಾತ್ರ ಮಾಡಿಸಿ.

ಅಣ್ಣ ಏನ್ ಮಾಡ್ದ? ಭಾನುವಾರ ನಮ್ಮನೆಗೆ ಬಂದ. ಒಟಿಜಿ ಪೆನ್‌ಡ್ರೈವ್ ಚುಚ್ಚಿ, ವಾಟ್ಸಾಪಿನ ವಾಯ್ಸ್ ನೋಟ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿದ್ವಿ. ಇನ್ನೊಂದು ಪ್ರತಿ ನನ್ನ ಲ್ಯಾಪ್‌ಟಾಪಿಗೆ. ಆಮೇಲೆ ವಾಟ್ಸಾಪ್ ಸೆಟ್ಟಿಂಗ್ಸಲ್ಲಿ 'ಮ್ಯಾನೇಜ್ ಸ್ಟೋರೇಜ್' ತೆರೆದ್ವಿ. ಫಾರ್ವರ್ಡ್ ಆದ ವಿಡಿಯೊ, ಗುಡ್ ಮಾರ್ನಿಂಗ್ ಚಿತ್ರ, ಅದೇ ಅರ್ಧ ಫೋನು ತಿಂದಿತ್ತು. ಅಳಿಸಿದ್ವಿ. ಗುಂಪುಗಳಿಂದ ತಾನಾಗೇ ಡೌನ್‌ಲೋಡ್ ಆಗೋದನ್ನ ನಿಲ್ಲಿಸಿದ್ವಿ. ಚಿಪ್ಪಿನ ಮಾತು ಅಲ್ಲಿಗೇ ಮುಗೀತು.

ಹೊರಡೋ ಮುಂಚೆ ಪೆನ್‌ಡ್ರೈವಿಂದ ಒಂದನ್ನ ಹಾಕಿ ನೋಡಿದ್ವಿ, ಸರಿಯಾಗಿ ಕಾಪಿ ಆಗಿದೆಯಾ ಅಂತ. "ಮೋಟ್ರು ಆಫ್ ಮಾಡಿದೆಯೇನೋ?" ಅಂತು ದೊಡ್ಡಪ್ಪನ ದನಿ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಿಮ್ಮ ಫೋನಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ. ಇವತ್ತೇ ಇನ್ನೊಂದು ಕಡೆ ಇಡಿ.